ತಲೆಯ ಮೇಲೆ ಒದ್ದೆ ಸ್ಪಂಜು, ಕೈಯಲ್ಲಿ ಗ್ರಾಸ್ಪರ್: ಕಲಬುರಗಿಯ ತರಬೇತಿ ಕೊಠಡಿಯಲ್ಲಿ ನನ್ನ ಅನುಭವ

ಲ್ಯಾಪ್ರೊಸ್ಕೋಪಿ, ಅಂದರೆ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಪರದೆ ನೋಡುತ್ತ ಮಾಡುವ ಶಸ್ತ್ರಚಿಕಿತ್ಸೆ, ಕಲಿಯುವವರನ್ನು ಮೊದಲ ತಿಂಗಳುಗಳಲ್ಲಿ ಹೆಚ್ಚು ಕಾಡುವುದು ದಿಕ್ಕಿನ ತಿರುವುಮುರುವು. ಹೊಟ್ಟೆಯ ಮೇಲಿನ ರಂಧ್ರವೇ ಸನ್ನೆಗೋಲಿನ ಆನಿಕೆಯಾಗುವುದರಿಂದ, ಕೈ ಎಡಕ್ಕೆ ಸರಿದರೆ ಪರದೆಯಲ್ಲಿ ಗ್ರಾಸ್ಪರ್ ಎಂಬ ಉದ್ದನೆಯ ಇಕ್ಕಳದ ತುದಿ ಬಲಕ್ಕೆ ಹೋಗುತ್ತದೆ. ಮೆದುಳು ಇದಕ್ಕೆ ಒಗ್ಗಿಕೊಳ್ಳುವ ಹೊತ್ತಿನಲ್ಲಿ ಅದಕ್ಕೊಂದು ಸಣ್ಣ ಆಸರೆ ಕೊಡಬಹುದೇ ಎಂಬ ಪ್ರಶ್ನೆಯಿಂದ, ನಮ್ಮ ಪಿಜಿ ವಿದ್ಯಾರ್ಥಿಗಳ ತರಬೇತಿಯಲ್ಲಿ ಟಿಡಿಸಿಎಸ್ (ಟ್ರಾನ್ಸ್‌ಕ್ರೇನಿಯಲ್ ಡೈರೆಕ್ಟ್ ಕರೆಂಟ್ ಸ್ಟಿಮ್ಯುಲೇಷನ್) ಬಳಸಲು ತೊಡಗಿದೆ.

ತಲೆಬುರುಡೆಯ ಹೊರಗಿನಿಂದಲೇ 1ರಿಂದ 2 ಮಿಲಿಆಂಪಿಯರ್‌ನಷ್ಟು ನೇರ ವಿದ್ಯುತ್ತನ್ನು ಹರಿಸುವ ವಿಧಾನವಿದು. 2000ದಲ್ಲಿ ಜರ್ಮನಿಯ ನಿಟ್ಶೆ ಮತ್ತು ಪೌಲಸ್ ಅವರು ಇದರಿಂದ ಚಲನೆಯ ಕಾರ್ಟೆಕ್ಸ್‌ನ (ಚಲನೆಯನ್ನು ನಿಯಂತ್ರಿಸುವ ಮೆದುಳಿನ ಹೊರಪದರದ) ಸ್ಪಂದನ ಏರಿಳಿಯುವುದನ್ನು ತೋರಿಸಿದ್ದರು. ಇಷ್ಟು ಅಲ್ಪ ವಿದ್ಯುತ್ತು ನರಕೋಶವನ್ನು ತಾನಾಗಿ ಉದ್ರೇಕಿಸುವುದಿಲ್ಲ. ಬಂದ ಸಂಕೇತಕ್ಕೆ ಅದು ಸುಲಭವಾಗಿ ಸ್ಪಂದಿಸುವಂತೆ ತುಸು ಅಣಿಗೊಳಿಸುತ್ತದೆ, ಅಷ್ಟೆ. ಆದ್ದರಿಂದ ಕೈ ಕೆಲಸ ಮಾಡುತ್ತಿರುವಾಗಲೇ ಇದನ್ನು ಕೊಡಬೇಕೆಂದು ನಿಶ್ಚಯಿಸಿದೆ.

ಯಂತ್ರಕ್ಕಿಂತ ಒಪ್ಪಿಗೆಯ ವಿಷಯವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಪರೀಕ್ಷೆಯಲ್ಲಿ ಅಂಕ ಕೊಡುವ ಗುರು ಕೇಳಿದರೆ ಯಾವ ವಿದ್ಯಾರ್ಥಿ ತಾನೇ ಒಲ್ಲೆ ಎಂದಾನು? ನೈತಿಕ ಸಮಿತಿಯ ಅನುಮತಿ ದೊರೆತ ಮೇಲೂ ನಾನು ಯಾರನ್ನೂ ನೇರವಾಗಿ ಕೇಳಲಿಲ್ಲ. ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರು ವಿವರಿಸಿ ಸಹಿ ಪಡೆದರು. ಅಪಸ್ಮಾರ ಇರುವವರನ್ನು, ತಲೆಯೊಳಗೆ ಲೋಹ ಇರುವವರನ್ನು, ಪೇಸ್‌ಮೇಕರ್ ಇರುವವರನ್ನು ಮತ್ತು ಗರ್ಭಿಣಿಯರನ್ನು ಕೈಬಿಟ್ಟೆವು. "ತಲಿಗೆ ಕರೆಂಟ್ ಕೊಡ್ತಾರಂದ್ರ ನಮ್ಮವ್ವ ಅಂಜ್ತಾಳ್ರಿ ಸರ್" ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಾಗ, ಮನೋವೈದ್ಯರು ಅರಿವಳಿಕೆಯಡಿ ಕೊಡುವ ಇಸಿಟಿಯಲ್ಲಿ (ವಿದ್ಯುತ್ ಕಂಪನ ಚಿಕಿತ್ಸೆಯಲ್ಲಿ) ಹರಿಯುವುದು ಸುಮಾರು 800 ಮಿಲಿಆಂಪಿಯರ್ ಎಂದು ತಿಳಿಸಿ, ಮನೆಯಲ್ಲಿ ಮಾತಾಡಿ ಬರಲು ಹೇಳಿದೆ. ಆಕೆ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ತಲೆಯ ಮೇಲೆ ಚಲನೆಯ ಕಾರ್ಟೆಕ್ಸ್‌ನ ಜಾಗ ಗುರುತಿಸಲು ದರ್ಜಿಯ ಟೇಪು ಸಾಕು. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗಿನ ಅಳತೆ ಹಾಗೂ ಕಿವಿಯಿಂದ ಕಿವಿಗಿನ ಅಳತೆ, ಇವೆರಡರ ನಡುಬಿಂದುಗಳು ಕೂಡುವಲ್ಲಿ ನೆತ್ತಿಯ ಗುರುತು ಹಾಕಿ, ಅಲ್ಲಿಂದ ಕಿವಿಗಳ ನಡುವಿನ ಅಂತರದ ಶೇ. 20ರಷ್ಟು ಎಡಕ್ಕೆ ಸರಿಯಬೇಕು, 36 ಸೆಂ.ಮೀ. ಇದ್ದರೆ 7.2 ಸೆಂ.ಮೀ. ಬಲಗೈಯವರಿಗೆ ಅಲ್ಲಿ ಆನೋಡ್ (ಧನ ವಿದ್ಯುದ್ವಾರ), ಬಲ ಹುಬ್ಬಿನ ಮೇಲೆ ಕ್ಯಾಥೋಡ್ (ಋಣ ವಿದ್ಯುದ್ವಾರ). ಇವೆರಡನ್ನೂ ಒದ್ದೆ ಸ್ಪಂಜಿನ ಮೂಲಕ ಚರ್ಮಕ್ಕೆ ಒತ್ತಿಡುತ್ತೇವೆ; ಸ್ಪಂಜಿನ ಅಳತೆ 5×7 ಸೆಂ.ಮೀ. ನೆನೆಸಲು ನಲ್ಲಿಯ ನೀರಲ್ಲ, ವಾರ್ಡಿನ ಸಲೈನ್.

ನಮ್ಮೂರಿನ ಬಿಸಿಲನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಫ್ಯಾನಿನ ಗಾಳಿಗೆ ಸ್ಪಂಜು ಒಣಗಿ, ವಿದ್ಯಾರ್ಥಿಯೊಬ್ಬ ಹಣೆ ಉರಿಯುತ್ತಿದೆ ಎಂದ. ಕೂಡಲೇ ನಿಲ್ಲಿಸಿ ನೋಡಿದರೆ ಚರ್ಮ ಕೆಂಪಾಗಿತ್ತು. ಆರಂಭದಲ್ಲಿ ಜುಮ್ಮೆನ್ನುವುದು ಸಹಜ, ಉರಿ ಸಹಜವಲ್ಲ. ತಪ್ಪು ನನ್ನದೇ. ಅಂದಿನಿಂದ ಅಭ್ಯಾಸವನ್ನು ಬೆಳಗಿನ 7 ಗಂಟೆಗೆ ಸರಿಸಿ, ನಡುವೆ ಸಿರಿಂಜಿನಿಂದ ಸಲೈನ್ ಹನಿಸತೊಡಗಿದೆವು. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲಿನಲ್ಲೂ ವಿದ್ಯುತ್ತಿನ ಸಂಪರ್ಕ ಸರಿಯಾಗಿ ಕೂಡದು; ಹಿಂದಿನ ದಿನವೇ ತಲೆ ತೊಳೆದು ಬರಲು ಹೇಳುತ್ತೇನೆ.

20 ನಿಮಿಷ ಬಾಕ್ಸ್ ಟ್ರೇನರ್‌ನಲ್ಲಿ (ಹೊಟ್ಟೆಯ ಬದಲಿಗೆ ಬಳಸುವ ತರಬೇತಿ ಪೆಟ್ಟಿಗೆಯಲ್ಲಿ) ಪೆಗ್ ಟ್ರಾನ್ಸ್‌ಫರ್ ಅಭ್ಯಾಸ: ಆರು ತುಂಡುಗಳನ್ನು ಎಡಗೈಯಿಂದ ಎತ್ತಿ, ಗಾಳಿಯಲ್ಲೇ ಬಲಗೈಗೆ ದಾಟಿಸಿ, ಆಚೆಯ ಗೂಟಗಳಿಗೆ ಇಳಿಸಿ, ಮತ್ತೆ ಈಚೆಗೆ ತರುವುದು. ಹೋಲಿಕೆಗಾಗಿ, ಅರ್ಧದಷ್ಟು ಮಂದಿಗೆ ಯಂತ್ರವು 30 ಸೆಕೆಂಡಿನ ನಂತರ ತಾನಾಗಿ ನಿಲ್ಲುತ್ತದೆ. ಅದು ಅವರಿಗೂ ತಿಳಿಯದು, ನನಗೂ ತಿಳಿಯದು. ನಾನು ಮುಖ್ಯವಾಗಿ ಬರೆದಿಡುವುದು ಮರುದಿನದ ಮೊದಲ ಪ್ರಯತ್ನದ ಸಮಯವನ್ನು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸತತ ಐದು ದಿನ ಕೈಯ ಬೇರೊಂದು ಕೌಶಲವನ್ನು ಕಲಿತವರಿಗೆ ಟಿಡಿಸಿಎಸ್‌ನ ಲಾಭ ಕಾಣಿಸಿಕೊಂಡದ್ದು ಅಭ್ಯಾಸದ ನಡುವೆಯಲ್ಲ, ಒಂದು ದಿನದಿಂದ ಇನ್ನೊಂದು ದಿನಕ್ಕೆ ಕಲಿಕೆ ಉಳಿದುಕೊಳ್ಳುವುದರಲ್ಲಿ.

ಯಾರಿಗೆ ನಿಜವಾದ ಕರೆಂಟ್ ಸಿಕ್ಕಿತೆಂಬ ಲಕೋಟೆ ಸಹೋದ್ಯೋಗಿಯ ಕಪಾಟಿನಲ್ಲಿದೆ. ಕೊನೆಯ ತಂಡದ ಐದನೆಯ ದಿನ ಮುಗಿಯುವವರೆಗೆ ಅದನ್ನು ತೆರೆಯುವುದಿಲ್ಲ.