ಹಳೇ ಎಕ್ಸ್‌ಎಸ್‌ಎಲ್‌ಟಿಯಲ್ಲೇ ಕೆಲಸ ಮುಗಿಸಿದೆ: ನನ್ನ ಅನುಭವ

"ಎಕ್ಸ್‌ಎಸ್‌ಎಲ್‌ಟಿ ಕಾಲ ಮುಗೀತು, ಪೈಥಾನ್‌ನಲ್ಲಿ ಬರಿ" ಅಂತ ಟೀಮಿನಲ್ಲಿ ಎಲ್ಲರೂ ಅಂದರು. ಎಕ್ಸ್‌ಎಂಎಲ್ ಅಂದರೆ ಟ್ಯಾಗ್ ಹಚ್ಚಿದ ಪಠ್ಯ, ಅದನ್ನು ವೆಬ್ ಪುಟದಂಥ (ಎಚ್‌ಟಿಎಂಎಲ್) ಬೇರೆ ರೂಪಕ್ಕೆ ತಿರುಗಿಸುವ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಇದೇ ಕೆಲಸಕ್ಕೆ ಹೊರಗಿನವರು ಪುಟಕ್ಕೆ ಇಷ್ಟು ಅಂತ ಕೇಳಿದ ರೇಟು ನೋಡಿ ಮ್ಯಾನೇಜರ್ ಸುಮ್ಮನಾದರು. ಈಗ ನಾಲ್ಕು ಸಾವಿರದ ಹತ್ತಿರ ಎಕ್ಸ್‌ಎಂಎಲ್ ಮ್ಯಾನ್ಯುಯಲ್‌ಗಳು ಎಚ್‌ಟಿಎಂಎಲ್ ಆಗಿವೆ, ಸ್ಟೈಲ್‌ಶೀಟ್ (ಎಕ್ಸ್‌ಎಸ್‌ಎಲ್‌ಟಿಯಲ್ಲಿ ಬರೆದ ಪ್ರೋಗ್ರಾಂ) ಏಳ್ನೂರು ಸಾಲೂ ಇಲ್ಲ.

ಮೊದಲು ಇದ್ದದ್ದು ಬರೀ ಫಾರ್-ಈಚ್ (ಟ್ಯಾಗುಗಳನ್ನು ಹೆಸರಿಸಿ ಒಂದೊಂದಾಗಿ ಸುತ್ತುವ ಲೂಪ್) ತುಂಬಿದ ಸ್ಟೈಲ್‌ಶೀಟ್. ಪ್ಯಾರಾದೊಳಗೆ ಬೋಲ್ಡ್, ಬೋಲ್ಡ್ ಒಳಗೆ ಲಿಂಕ್ ಬಂದರೆ ಮುಗೀತು, ಪದಗಳು ಎಲ್ಲೆಲ್ಲೋ ಹೋಗುತ್ತಿದ್ದವು. ಅದನ್ನು ಎಸೆದು, ಒಂದೊಂದು ಟ್ಯಾಗಿಗೆ ಒಂದು ಪುಟ್ಟ ಟೆಂಪ್ಲೇಟ್ (ಆ ಟ್ಯಾಗನ್ನು ಹೇಗೆ ತಿರುಗಿಸಬೇಕು ಅನ್ನುವ ನಿಯಮ) ಬರೆದು, ಉಳಿದದ್ದನ್ನು, ಒಳಗೆ ಬಂದ ಟ್ಯಾಗಿಗೆ ತಕ್ಕ ಟೆಂಪ್ಲೇಟ್ ತಾನೇ ಹುಡುಕುವ ಅಪ್ಲೈ-ಟೆಂಪ್ಲೇಟ್ಸ್‌ಗೇ ಬಿಟ್ಟೆ.

ಜಾಸ್ತಿ ಸತಾಯಿಸಿದ್ದು ನೇಮ್‌ಸ್ಪೇಸ್, ಅಂದರೆ ಟ್ಯಾಗಿನ ಹೆಸರು ಯಾವ ಗುಂಪಿನದು ಅಂತ ಹೇಳುವ ಗುರುತು. ಕೆಲವು ಫೈಲುಗಳಲ್ಲಿ ಇದೆ, ಕೆಲವದರಲ್ಲಿ ಇಲ್ಲ. ಇದ್ದ ಕಡೆ ಒಂದು ಟೆಂಪ್ಲೇಟೂ ಮ್ಯಾಚ್ ಆಗಲ್ಲ, ಎರರ್ ಕೂಡ ಬರಲ್ಲ, ಡೀಫಾಲ್ಟ್ ನಿಯಮಗಳು ಟ್ಯಾಗಿಲ್ಲದ ಪಠ್ಯವನ್ನು ಸುಮ್ನೆ ಸುರಿಯುತ್ತವೆ. ಎಕ್ಸ್‌ಎಸ್‌ಎಲ್‌ಟಿ 2.0ರಲ್ಲಿ ಹೆಸರಿನ ಮುಂದೆ ನಕ್ಷತ್ರ-ಕೋಲನ್ (*:) ಹಾಕಿದರೆ ಎರಡೂ ಬಗೆ ಹಿಡಿಯುತ್ತದೆ.

ಆಮೇಲೆ ವೇಗ. ಪ್ರತಿ ಕ್ರಾಸ್-ರೆಫರೆನ್ಸ್‌ಗೂ ಡಬಲ್ ಸ್ಲ್ಯಾಷ್ ಹಾಕಿ ಇಡೀ ಡಾಕ್ಯುಮೆಂಟ್ ಹುಡುಕಿಸುತ್ತಿದ್ದರು, ದೊಡ್ಡ ಮ್ಯಾನ್ಯುಯಲ್‌ಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಎಕ್ಸ್‌ಎಸ್‌ಎಲ್‌ಟಿ ಓಡಿಸುವ ಸ್ಯಾಕ್ಸನ್ ಸಾಫ್ಟ್‌ವೇರಿನ ದುಡ್ಡಿನ ಆವೃತ್ತಿ ಕೊಳ್ಳೋಣ ಅನ್ನುವ ಮಾತೂ ಬಂತು. ಒಂದು ಎಕ್ಸ್‌ಎಸ್‌ಎಲ್ ಕೀ (ಮೊದಲೇ ಮಾಡಿಟ್ಟ ಹುಡುಕು-ಪಟ್ಟಿ) ಬರೆದೆ, ಹತ್ತು ಸೆಕೆಂಡಿಗೆ ಇಳಿಯಿತು, ಪುಕ್ಕಟೆ ಎಚ್‌ಇ ಆವೃತ್ತಿಯೇ ಸಾಕಾಯ್ತು! ಸ್ಯಾಕ್ಸನ್ ಓಡುವುದು ಜಾವಾದ ಮೇಲೆ, ಒಂದೊಂದು ಫೈಲಿಗೂ ಅದನ್ನು ಹೊಸದಾಗಿ ಎಬ್ಬಿಸಬೇಡಿ, ಇಡೀ ಫೋಲ್ಡರನ್ನೇ ಕೊಡಿ.

ನಡುವೆ ಒಂದು ಆಟ ಆಡಿದೆ: ಇದನ್ನೆಲ್ಲ ಬ್ರೌಸರಿನಲ್ಲೇ ಓಡಿಸಿದರೆ? ಬ್ರೌಸರುಗಳಿಗೆ ಗೊತ್ತಿರುವುದು 1999ರ 1.0 ಮಾತ್ರ, ಗ್ರೂಪಿಂಗ್‌ಗೆ ಅದರಲ್ಲಿ ಕೀ ಬಳಸಿ ಗುಂಪು ಮಾಡುವ ಮ್ಯೂಂಕಿಯನ್ ಕಸರತ್ತೇ ಗತಿ. ಅಕ್ಷರವಾರು ಇಂಡೆಕ್ಸ್ ಚೆನ್ನಾಗಿಯೇ ಬಂತು. ಆದರೆ ಕ್ರೋಮ್‌ನಿಂದ ಎಕ್ಸ್‌ಎಸ್‌ಎಲ್‌ಟಿ ತೆಗೆಯುತ್ತೇವೆ ಅಂತ 2025ರಲ್ಲಿ ಹೇಳಿಬಿಟ್ಟರಲ್ವಾ, ಅಲ್ಲಿಗೆ ಬಿಟ್ಟೆ.

ಗೊತ್ತಿಲ್ಲದ ಟ್ಯಾಗ್ ಬಂದರೆ ಕೆಂಪಗೆ ತೋರಿಸುವ ಒಂದು ಟೆಂಪ್ಲೇಟ್ ಕೊನೆಗೆ ಇಟ್ಟುಕೊಳ್ಳಿ, ಪ್ರಯಾರಿಟಿ ಎಲ್ಲಕ್ಕಿಂತ ಕಡಿಮೆ ಇರಲಿ. ಅರ್ಧ ಟೆಸ್ಟಿಂಗ್ ಅದೇ ಮಾಡುತ್ತದೆ. ಕೂಡಿಸಿದ ಸೆಲ್ಲುಗಳಿರುವ ಟೇಬಲ್‌ಗಳನ್ನು ಹೇಗೆ ಬಗೆಹರಿಸಿದೆ ಅಂತ ಮಾತ್ರ ಕೇಳಬೇಡಿ, ಮುಂದಿನ ಕಾಂಟ್ರಾಕ್ಟ್ ಅದರ ಮೇಲೇ ನಿಂತಿದೆ.