ಹ್ಯಾಂಡಿಕ್ಯಾಮ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಅಟ್ಟದ ಮೇಲೆ ನಾಮಕರಣ, ಗೃಹಪ್ರವೇಶದ ಕ್ಯಾಸೆಟ್‌ಗಳಿದ್ದರೆ ಮೊದಲು ಅವು ಯಾವ ಬಗೆಯವು ಎಂದು ನೋಡಿ. ವಿಡಿಯೋ 8 ಅಥವಾ ಹೈ 8 ಆದರೆ ಚಿತ್ರ, ಧ್ವನಿಯನ್ನು ಡಿಜಿಟಲ್ ಮಾಡಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುವ ಕ್ಯಾಪ್ಚರ್ ಕೇಬಲ್ಲೇ ದಾರಿ. ಮಿನಿ ಡಿವಿ ಆದರೆ ಆದಷ್ಟೂ ಫೈರ್‌ವೈರ್ (ಡಿಜಿಟಲ್ ವಿಡಿಯೋವನ್ನು ನೇರ ಕಂಪ್ಯೂಟರಿಗೆ ಒಯ್ಯುವ ಕೇಬಲ್ ಮತ್ತು ಕಿಂಡಿ) ಹುಡುಕಿ. ಆ ಟೇಪಿನಲ್ಲಿರುವುದು ಆಗಲೇ ಡಿಜಿಟಲ್; ಗಂಟೆಗೆ ಸುಮಾರು 13 ಜಿಬಿಯಂತೆ ಇದ್ದದ್ದು ಇದ್ದ ಹಾಗೇ ನಕಲಾಗುತ್ತದೆ.

ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಹಿಡಿಯಿರಿ. ಬೆಂಗಳೂರಿನ ಮಳೆಗಾಲಗಳನ್ನು ಬೀರುವಿನೊಳಗೇ ಕಳೆದ ಟೇಪಿಗೆ ಬೂಷ್ಟು ಹಿಡಿದಿರಬಹುದು. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಓಡಿಸಲೇಬೇಡಿ. ಅದು ಕ್ಯಾಮೆರಾದೊಳಗೆ ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಶುದ್ಧವಾಗಿದ್ದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗದಂತೆ ಕ್ಯಾಸೆಟ್ಟಿನ ಅಂಚಿನ ಪುಟ್ಟ ಗುಂಡಿಯನ್ನು ಸೇವ್ ಕಡೆಗೆ ಸರಿಸಿ, ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಂಟಿ ಕೂತ ಪದರಗಳು ಬಿಡಿಸಿಕೊಳ್ಳುತ್ತವೆ.

ಇನ್ನು ಕ್ಯಾಪ್ಚರ್ ಕೇಬಲ್ಲಿನ ದಾರಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋದಾಗ ಎಚ್‌ಡಿಎಂಐ ಕ್ಯಾಪ್ಚರ್ ಕಾರ್ಡ್ ತರಬೇಡಿ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು ಆರ್‌ಸಿಎ ಸಾಕೆಟ್‌ಗಳ ಜೊತೆ ದುಂಡನೆಯ ಎಸ್-ವಿಡಿಯೋ ಸಾಕೆಟ್ಟೂ ಇರುವುದನ್ನು ಕೇಳಿ. ನಿಮ್ಮ ವಿಂಡೋಸ್‌ಗೆ ಡ್ರೈವರ್ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಕ್ಯಾಮೆರಾವನ್ನೂ ಜೊತೆಗೆ ಒಯ್ಯಿರಿ, ಏಕೆಂದರೆ ಹೆಚ್ಚಿನವರು ಎಡವುವುದು ಕ್ಯಾಮೆರಾ ಕಡೆಯ 3.5 ಮಿ.ಮೀ. ಎವಿ ಕೇಬಲ್ಲಿನಲ್ಲಿ. ಅದರ ಪಿನ್ನಿನಲ್ಲಿ ನಾಲ್ಕು ಭಾಗಗಳಿವೆ. ಯಾವುದರಲ್ಲಿ ಚಿತ್ರ, ಯಾವುದರಲ್ಲಿ ಧ್ವನಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪರದೆ ಕಪ್ಪಾಗಿದ್ದು ಸ್ಪೀಕರಿನಲ್ಲಿ ಗುಂಯ್ ಎಂದರೆ ಚಿತ್ರದ ಸಿಗ್ನಲ್ ಬೇರೆ ಬಣ್ಣದ ತಂತಿಯಲ್ಲಿ ಬರುತ್ತಿದೆ ಎಂದರ್ಥ. ಹಳದಿ ಸಾಕೆಟ್ಟಿಗೆ ಕೆಂಪು ಅಥವಾ ಬಿಳಿ ಪ್ಲಗ್ ಹಾಕಿ ನೋಡಿ. ಆಗಲೂ ಬಾರದಿದ್ದರೆ ಪಿನ್ನಿನಲ್ಲಿ ಗ್ರೌಂಡಿನ (ಸಿಗ್ನಲ್ ಮರಳುವ ಭಾಗದ) ಜಾಗವೇ ಬೇರೆ, ಕೇಬಲ್ ಬದಲಿಸಬೇಕು.

ಹೈ 8 ಕ್ಯಾಮೆರಾದಲ್ಲಿ ಎಸ್-ವಿಡಿಯೋ ಇದ್ದರೆ ಅದನ್ನೇ ಬಳಸಿ. ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ರೇಷ್ಮೆ ಸೀರೆಯ ಅಂಚು ಕಲಸಿಹೋಗುವುದಿಲ್ಲ. ಧ್ವನಿ ಅದರಲ್ಲಿ ಬರುವುದಿಲ್ಲ, ಬಿಳಿ-ಕೆಂಪು ಹಾಕಿಯೇ ಇರಬೇಕು.

ಕ್ಯಾಮೆರಾವನ್ನು ಬ್ಯಾಟರಿ ಬಿಟ್ಟು ಅಡಾಪ್ಟರಿನಲ್ಲಿ ನಡೆಸಿ, ವಿಸಿಆರ್ ಅಥವಾ ಪ್ಲೇಯರ್ ಮೋಡಿಗೆ ತಿರುಗಿಸಿ. ಡಿಸ್‌ಪ್ಲೇ ಆಫ್ ಮಾಡದಿದ್ದರೆ ಟೇಪ್ ಕೌಂಟರಿನ ಅಂಕಿಗಳೂ ವಿಡಿಯೋದಲ್ಲಿ ಅಚ್ಚಾಗುತ್ತವೆ. ಕ್ಯಾಪ್ಚರ್ ಕೇಬಲ್ಲನ್ನು ಯುಎಸ್‌ಬಿ ಹಬ್‌ಗೆ ಅಲ್ಲ, ನೇರ ಕಂಪ್ಯೂಟರಿಗೇ ಚುಚ್ಚಿ.

ರೆಕಾರ್ಡ್ ಮಾಡಲು ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ತಂತ್ರಾಂಶ ಸಾಕು. ಸೋರ್ಸ್‌ನಲ್ಲಿ ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿ, ರೆಸಲ್ಯೂಶನ್ 720×576, ಸ್ಟ್ಯಾಂಡರ್ಡ್ ಪಾಲ್ (ನಮ್ಮ ದೇಶದ ಹಳೆಯ ಟಿವಿ ಪದ್ಧತಿ) ಎಂದು ಕೊಡಿ. ಅಮೆರಿಕದಿಂದ ತಂದ ಕ್ಯಾಮೆರಾ ಆದರೆ ಅಲ್ಲಿನ ಪದ್ಧತಿಯಾದ ಎನ್‌ಟಿಎಸ್‌ಸಿ, 720×480. ಇದು ತಪ್ಪಿದರೆ ಚಿತ್ರ ಕಪ್ಪು-ಬಿಳುಪಾಗುತ್ತದೆ ಇಲ್ಲವೇ ಉರುಳುತ್ತದೆ. ಪಾಲ್‌ಗೆ ಕ್ಯಾನ್ವಾಸ್ 768×576, ಸೆಕೆಂಡಿಗೆ 50 ಫ್ರೇಮ್. ಸೋರ್ಸನ್ನು ಅದರ ತುಂಬ ಹಿಗ್ಗಿಸಿ. ಇಲ್ಲವಾದರೆ ಮುಖಗಳು ಕೊಂಚ ಸಣಕಲಾಗಿ ಕಾಣುತ್ತವೆ. ಹಳೆಯ ವಿಡಿಯೋದ ಒಂದೊಂದು ಫ್ರೇಮೂ ಎರಡು ಅರ್ಧಗಳಾಗಿ (ಫೀಲ್ಡ್) ಇರುತ್ತದೆ; ಅವನ್ನು ಬಿಡಿಸುವ ಡಿಇಂಟರ್‌ಲೇಸಿಂಗ್ ಯಾಡಿಫ್ 2ಎಕ್ಸ್ ಇರಲಿ. ನಡೆಯುವವರು ಹಿಂದೆ ಮುಂದೆ ಅದುರಿದರೆ ಫೀಲ್ಡ್ ಆರ್ಡರ್ ಬದಲಿಸಿ. ಧ್ವನಿ 48 ಕಿಲೋಹರ್ಟ್ಸ್.

ರೆಕಾರ್ಡಿಂಗ್ ಎಂಕೆವಿ ಬಗೆಯ ಕಡತದಲ್ಲೇ ಆಗಲಿ. ನಡುವೆ ಕರೆಂಟ್ ಹೋದರೆ ಎಂಪಿ4 ಕಡತ ತೆರೆಯದೇ ಹೋಗಬಹುದು, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಬಿಟ್‌ರೇಟ್ 8,000 ಕೆಬಿಪಿಎಸ್ ಇಟ್ಟರೆ ಗಂಟೆಗೆ ಸುಮಾರು 3.6 ಜಿಬಿ.

ಮೊದಲು ಐದು ನಿಮಿಷ ಮಾತ್ರ ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿ. ಧ್ವನಿ ಬಾರದಿದ್ದರೆ ಒಬಿಎಸ್ ಲ್ಯಾಪ್‌ಟಾಪಿನ ಮೈಕ್ ಹಿಡಿದಿದೆಯೇ ನೋಡಿ, ಆಡಿಯೋ ಡಿವೈಸನ್ನು ಕ್ಯಾಪ್ಚರ್ ಕೇಬಲ್ಲಿಗೆ ಬದಲಿಸಿ. ಚಿತ್ರದ ತುಂಬ ಅಡ್ಡ ಗೆರೆಗಳಿದ್ದರೆ ಹೆಡ್ ಕೊಳೆಯಾಗಿರುತ್ತದೆ. ಅದೇ ಅಳತೆಯ ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಓಡಿಸಿ, ಅದಕ್ಕಿಂತ ಹೆಚ್ಚು ಬೇಡ, ಹೆಡ್ ಸವೆಯುತ್ತದೆ. ಕ್ಯಾಸೆಟ್ ಮುಗಿದ ಮೇಲೆ ಕೊನೆಯ ಹತ್ತು ನಿಮಿಷವನ್ನೂ ನೋಡಿ: ಗಟ್ಟಿಮೇಳದ ಸದ್ದು ತಾಳಿ ಕಟ್ಟಿದ ಮೇಲೆ ಕೇಳಿಸಿದರೆ ನಡುವೆ ಫ್ರೇಮುಗಳು ಬಿದ್ದುಹೋಗಿವೆ. ಬ್ರೌಸರ್ ಮುಚ್ಚಿ, ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿ, ಆ ಕ್ಯಾಸೆಟ್ಟನ್ನು ಮೊದಲಿನಿಂದ ಮತ್ತೆ ಇಳಿಸಿ.