ರಾಯಚೂರಿನಿಂದ ಡಲ್ಲಾಸ್‌ಗೆ, ಉಸಿರಿನ ಮಷಿನ್ ಹೆಗಲಿಗೆ ಹಾಕಿಕೊಂಡು

ಕಾಶಿಯಲ್ಲಿ ಆ ರಾತ್ರಿ ನಮ್ಮ ಮನೆಯಾಕೆ ಕಣ್ಣು ಮುಚ್ಚಲಿಲ್ಲ. ಹೈದರಾಬಾದಿನಿಂದ ವಿಮಾನದಲ್ಲಿ ಹೋಗಿದ್ದೆವು. ಪೆಟ್ಟು ಬೀಳದಿರಲಿ ಎಂದು ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಮಾಸ್ಕಿನಿಂದ ಗಾಳಿ ಊದುವ ನನ್ನ ಸಿಪ್ಯಾಪ್ ಮಷಿನ್ನನ್ನು ಪಂಚೆ, ಸೀರೆಗಳ ನಡುವೆ ಸುತ್ತಿ ದೊಡ್ಡ ಸೂಟ್‌ಕೇಸಿನಲ್ಲಿಟ್ಟು ಲಗೇಜಿಗೆ ಹಾಕಿದ್ದೆ. ಇಳಿದಾಗ ಸೂಟ್‌ಕೇಸ್ ಬರಲಿಲ್ಲ. ನಾಳೆಯ ವಿಮಾನಕ್ಕೆ ಬರುತ್ತದೆ ಎಂದರು. ಬಟ್ಟೆ ಇಲ್ಲದೆ ಒಂದು ದಿನ ಹೇಗೋ ಕಳೆಯುತ್ತದೆ; ಮಷಿನ್ ಇಲ್ಲದೆ ನನಗೆ ರಾತ್ರಿ ಕಳೆಯುವುದಿಲ್ಲ. ಗೋಡೆಗೆ ಮೂರು ದಿಂಬು ಒರಗಿಸಿ ಕೂತೇ ಮಲಗಿದೆ. ಆಕೆ ಪಕ್ಕದಲ್ಲಿ ಕೂತು ನನ್ನ ಉಸಿರನ್ನೇ ನೋಡುತ್ತಿದ್ದಳು, ನಿಂತಾಗಲೆಲ್ಲ ಭುಜ ಅಲುಗಿಸುತ್ತಿದ್ದಳು. ಬೆಳಗ್ಗೆ ಗಂಗಾಸ್ನಾನಕ್ಕೆ ಹೋದಾಗ ಘಾಟಿನ ಮೆಟ್ಟಿಲ ಮೇಲೆ ಇಬ್ಬರ ಕಾಲೂ ನಡುಗುತ್ತಿದ್ದವು. ಇನ್ನು ಮೇಲೆ ಈ ಮಷಿನ್ ನನ್ನ ಕೈ ಬಿಟ್ಟು ಹೋಗಬಾರದು ಎಂದು ಅವತ್ತೇ ನಿಶ್ಚಯಿಸಿದೆ.

ನಾನು ರಾಯಚೂರು ಹತ್ತಿರದ ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ವಿಭಾಗದಲ್ಲಿದ್ದು ನಿವೃತ್ತನಾದವನು. ನೈಟ್ ಶಿಫ್ಟ್ ಮಾಡುವವರಿಗೆ ಹಗಲು ತೂಕಡಿಕೆ ಇದ್ದದ್ದೇ ಎಂದು ವರ್ಷಗಟ್ಟಲೆ ಅಂದುಕೊಂಡಿದ್ದೆ. ‘ರೀ, ಗೊರಕಿ ಹೊಡೀತಿದ್ದವ್ರು ಒಮ್ಮೆಲೆ ಸುಮ್ಮನಾಗ್ತೀರಿ. ಉಸುರು ನಿಂತ್ಹಂಗ ಆಗ್ತೈತಿ, ನನಗ ಎದಿ ಧಸಕ್ ಅಂತೈತಿ’ ಎಂದು ಆಕೆ ಹೇಳಿದಾಗಲೂ ಲಕ್ಷ್ಯ ಕೊಡಲಿಲ್ಲ. ಕೊನೆಗೆ ಹೈದರಾಬಾದಿನಲ್ಲಿ ಒಂದು ರಾತ್ರಿ ಮೈತುಂಬ ವೈರು ಅಂಟಿಸಿಕೊಂಡು ಮಲಗಿ ಸ್ಲೀಪ್ ಸ್ಟಡಿ ಮಾಡಿಸಿದೆವು. ಗಂಟೆಗೆ 38 ಸಲ ಉಸಿರು ನಿಲ್ಲುವುದು, ಇಲ್ಲವೇ ಅರೆಬರೆಯಾಗುವುದು ಎಂದು ಬಂತು. ಕನಿಷ್ಠ 10 ಸೆಕೆಂಡು ಹಾಗಾದರೆ ಮಾತ್ರ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸರಿ, 30 ದಾಟಿದರೆ ತೀವ್ರ. ಮಲಗಿದಾಗ ಗಂಟಲಿನ ಮೆತ್ತನೆಯ ಭಾಗ ಸಡಿಲಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಮಾಸ್ಕಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಊದುತ್ತಿದ್ದರೆ ಆ ದಾರಿ ತೆರೆದೇ ಇರುತ್ತದೆ. ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಅವರಿಗೆ ಮನಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೋ ಲೆಕ್ಕವಿಲ್ಲ.

ಮಗ ಡಲ್ಲಾಸ್‌ನಲ್ಲಿದ್ದಾನೆ. ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಕರೆದ. ಹೈದರಾಬಾದಿನಿಂದ ಗಲ್ಫಿಗೆ ನಾಲ್ಕು ಗಂಟೆ, ಅಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಿದರೆ ಸುಮಾರು 16 ಗಂಟೆ. ಅಷ್ಟು ಹೊತ್ತು ಎಚ್ಚರವಾಗಿ ಕೂರಲಾಗದು, ಮಾಸ್ಕಿಲ್ಲದೆ ಮಲಗಲೂ ಆಗದು. ಎರಡು ತಿಂಗಳ ಮೊದಲೇ ತಯಾರಿಗೆ ಕೂತೆ.

ಮೊದಲು ಕರೆಂಟಿನ ಲೆಕ್ಕ. ವಿಮಾನದಲ್ಲಿ ಸೀಟಿನ ಕೆಳಗೆ ಪ್ಲಗ್ ಇರುತ್ತದೆ, ಆದರೆ ಅದನ್ನೇ ನಂಬಿ ಹೋಗಬಾರದು. ಅವು ಲ್ಯಾಪ್‌ಟಾಪಿಗೆಂದು ಇಟ್ಟವು. ಸಾಮಾನ್ಯವಾಗಿ 75 ವಾಟ್ ಸುತ್ತಮುತ್ತ ಎಳೆಯಬಹುದು, ಮೀರಿದರೆ ತಾನಾಗಿ ಆಫ್ ಆಗುತ್ತದೆ. ಮನೆಯಲ್ಲಿ ವಾಟ್ ಮೀಟರಿಗೆ ಮಷಿನ್ ಸಿಕ್ಕಿಸಿ ನೋಡಿದೆ. ಗಾಳಿಗೆ ತೇವ ಕೊಡಲು ನೀರು ಕಾಯಿಸುವ ಹ್ಯುಮಿಡಿಫೈಯರ್, ಬಿಸಿ ಪೈಪು ಎರಡೂ ಆನ್ ಇದ್ದಾಗ 50 ವಾಟಿನ ಹತ್ತಿರ ಎಳೆಯಿತು. ಎರಡೂ ಆಫ್ ಮಾಡಿದರೆ ಬರೀ 10. ಗಾಳಿ ಊದುವುದಕ್ಕೆ ಕರೆಂಟ್ ಹೆಚ್ಚು ಬೇಡ, ತಿನ್ನುವುದೆಲ್ಲ ಶಾಖವೇ. ಈ ಒಂದು ಸಂಗತಿ ಗೊತ್ತಾದ ಮೇಲೆ ಅರ್ಧ ಚಿಂತೆ ಹೋಯಿತು.

ಆಮೇಲೆ ಬ್ಯಾಟರಿ. ವಿಮಾನಕ್ಕೆ ಲಿಥಿಯಂ ಬ್ಯಾಟರಿ ಒಯ್ಯಲು 100 ವಾಟ್ ಅವರ್ (ಬ್ಯಾಟರಿಯಲ್ಲಿ ಹಿಡಿಸುವ ಕರೆಂಟಿನ ಅಳತೆ) ತನಕ ಸಾಮಾನ್ಯವಾಗಿ ತಕರಾರಿಲ್ಲ. 100ರಿಂದ 160ರವರೆಗಿನದಕ್ಕೆ ಏರ್‌ಲೈನಿನ ಒಪ್ಪಿಗೆ ಬೇಕು, ಅಂಥವು ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಬಿಡಿ ಬ್ಯಾಟರಿ ಯಾವುದಿದ್ದರೂ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಬ್ಯಾಟರಿಯ ಮೇಲೆ ಮಿಲಿ ಆಂಪ್ ಅವರ್ (mAh) ಮಾತ್ರ ಬರೆದಿದ್ದರೆ ಅದನ್ನು ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿ. ನನ್ನದು 14.8 ವೋಲ್ಟು, 6,400 ಮಿಲಿ ಆಂಪ್ ಅವರ್, ಅಂದರೆ ಸುಮಾರು 95 ವಾಟ್ ಅವರ್. 10 ವಾಟಿನ ಲೆಕ್ಕದಲ್ಲಿ ಒಂಬತ್ತು ಗಂಟೆ ಬರಬೇಕು, ನಷ್ಟ ಕಳೆದು ಏಳು ಎಂದಿಟ್ಟುಕೊಂಡೆ. ಖರೀದಿಸುವಾಗ ಮಷಿನ್ 12 ವೋಲ್ಟಿನದೋ 24ರದೋ ಎಂದು ನೋಡಿ, ಅದಕ್ಕೆ ಹೊಂದುವ ಕೇಬಲ್ಲನ್ನೇ ಕೇಳಿ ತಗೊಳ್ಳಿ. ಪಿನ್ ಸರಿಯಾಗಿ ಕೂತಿತೆಂದು ಸಿಕ್ಕ ಕೇಬಲ್ ಚುಚ್ಚಬೇಡಿ.

ಲೆಕ್ಕ ಕಾಗದದ ಮೇಲೆ ಸರಿ ಇತ್ತು. ಆದರೂ ಒಂದು ರಾತ್ರಿ ಮನೆಯಲ್ಲೇ ಬ್ಯಾಟರಿ ಮೇಲೆ ಮಲಗಿ ನೋಡಿದೆ. ಅರ್ಧ ರಾತ್ರಿಯಲ್ಲೇ ಮುಖದ ಮೇಲೆ ಮಾಸ್ಕ್ ಬಿಗಿದು ಉಸಿರು ಸಿಕ್ಕಿಕೊಂಡಂತಾಗಿ ಎಚ್ಚರವಾಯಿತು, ಬ್ಯಾಟರಿ ಖಾಲಿ. ಹ್ಯುಮಿಡಿಫೈಯರ್ ಆಫ್ ಮಾಡಿದ್ದೆ, ಪೈಪಿನ ಶಾಖ ಆನ್ ಆಗಿಯೇ ಉಳಿದಿತ್ತು. ಮರುದಿನ ಬಿಸಿ ಪೈಪು ತೆಗೆದಿಟ್ಟು ಸಾದಾ ಪೈಪು ಹಾಕಿದೆ. ಆ ರಾತ್ರಿ ಏಳು ತಾಸು ಇಪ್ಪತ್ತು ನಿಮಿಷ ಬಂತು. ಈ ತಾಲೀಮು ಮಾಡದೆ ಯಾರೂ ಹೊರಡಬೇಡಿ ಎಂದು ಕೈಹಿಡಿದು ಹೇಳುತ್ತೇನೆ. ತಪ್ಪು ಆಗುವುದಿದ್ದರೆ ಮನೆಯಲ್ಲಿ, ಪಕ್ಕದಲ್ಲೇ ಗೋಡೆಯ ಪ್ಲಗ್ ಇರುವಾಗ ಆಗಲಿ.

ಏರ್‌ಲೈನಿಗೆ ಟಿಕೆಟ್ ಆದ ವಾರದಲ್ಲೇ ಮೇಲ್ ಬರೆದೆ: ಮಷಿನ್ನಿನ ಹೆಸರು, ಮಾಡೆಲ್ಲು, ಬ್ಯಾಟರಿಯ ವಾಟ್ ಅವರ್, ದಾರಿಯಲ್ಲಿ ಬಳಸುತ್ತೇನೆ ಎಂಬ ಮಾತು. ಒಪ್ಪಿಗೆಯ ಉತ್ತರ ಪ್ರಿಂಟ್ ತೆಗೆದೆ. ಡಾಕ್ಟರ ಹತ್ತಿರ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿದೆ. ಪವರ್ ಬ್ಯಾಂಕ್ ವಿಷಯದಲ್ಲಿ ಈಗ ನಿಯಮ ಬಿಗಿಯಾಗುತ್ತಿವೆ. ಎಮಿರೇಟ್ಸ್ 2025ರ ಅಕ್ಟೋಬರ್‌ನಿಂದ ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿದೆ. ಹಾಗಾಗಿ ನೀವು ಹೋಗುವ ಏರ್‌ಲೈನ್ ಯಾವುದೇ ಇರಲಿ, ವೈದ್ಯಕೀಯ ಮಷಿನ್ನಿನ ಬ್ಯಾಟರಿ ಎಂದು ಸ್ಪಷ್ಟವಾಗಿ ಬರೆದು ಕೇಳಿ, ಉತ್ತರ ಕಾಗದದಲ್ಲಿ ಇಟ್ಟುಕೊಳ್ಳಿ.

ಹೊರಡುವ ದಿನ ಬೆಳಗ್ಗೆ ನೀರಿನ ಡಬ್ಬಿ ಚೆಲ್ಲಿ, ಬಟ್ಟೆಯಿಂದ ಒರೆಸಿ, ಒಣಗಲು ಇಟ್ಟೆ. ಹನಿ ನೀರು ಉಳಿದಿದ್ದರೂ ಚೀಲ ಅಡ್ಡವಾದಾಗ ಒಳಗಿನ ಮೋಟರಿಗೆ ಇಳಿಯುತ್ತದೆ. ಕೃಷ್ಣಾ ಸೇತುವೆ ದಾಟಿ ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮಾರ್ಗವಾಗಿ ಶಂಷಾಬಾದಿಗೆ ಹೋಗುವಷ್ಟು ಹೊತ್ತೂ ಚೀಲ ನನ್ನ ತೊಡೆಯ ಮೇಲೇ ಇತ್ತು.

ಕೌಂಟರಿನಲ್ಲಿ ಕೈಚೀಲ ತೂಗಿ ಏಳು ಕೆಜಿ ಮೀರಿದೆ ಎಂದರು. ಪತ್ರ ತೋರಿಸಿ, ಮಷಿನ್ ಚೀಲವನ್ನು ಬೇರೆ ತೂಗಲು ಕೇಳಿಕೊಂಡೆ, ಒಪ್ಪಿದರು. ಅಮೆರಿಕದ ಕಾನೂನಿನಲ್ಲಿ ಇಂಥ ಮಷಿನ್ ಕೈಚೀಲದ ಲೆಕ್ಕಕ್ಕೆ ಬರುವುದೇ ಇಲ್ಲ. ಅದಕ್ಕೇ ಇದಕ್ಕೆ ಬೇರೆಯದೇ ಚೀಲ ಇರಲಿ, ಅದರಲ್ಲಿ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ ತುರುಕಬೇಡಿ. ಸೆಕ್ಯೂರಿಟಿಯಲ್ಲಿ ಲ್ಯಾಪ್‌ಟಾಪಿನಂತೆ ಮಷಿನ್ನನ್ನೂ ಹೊರತೆಗೆದು ಟ್ರೇಯಲ್ಲಿಡಬೇಕು. ಆ ಟ್ರೇಯಲ್ಲಿ ಎಲ್ಲರ ಬೂಟು ಬಿದ್ದಿರುತ್ತವೆ. ನಾನು ಮೂಗಿಗೆ ಹಚ್ಚುವ ವಸ್ತು ಅದು. ಒಂದು ಶುಭ್ರವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟೆ. ಸಿಐಎಸ್‌ಎಫ್ ಜವಾನ ಏನಿದು ಎಂದು ಹಿಂದಿಯಲ್ಲಿ ಕೇಳಿದ, ಉಸಿರಾಟದ ಮಷಿನ್ ಎಂದೆ. ಸಣ್ಣ ಬಟ್ಟೆಯ ಚೂರಿನಿಂದ ಮೇಲ್ಮೈ ಸವರಿ ಪರೀಕ್ಷಿಸಿ ಕಳಿಸಿದ. ಎರಡು ನಿಮಿಷದ ಕೆಲಸ.

ಸೀಟು ಕಿಟಕಿಯ ಪಕ್ಕದ್ದನ್ನೇ ಕೇಳಿದ್ದೆ. ಪೈಪು ಯಾರ ಕಾಲಿಗೂ ತೊಡರುವುದಿಲ್ಲ, ತಲೆ ಒರಗಿಸಲು ಗೋಡೆ ಸಿಗುತ್ತದೆ. ಊಟದ ನಂತರ ದೀಪ ಆರಿಸಿದ ಮೇಲೆ ಗಗನಸಖಿಗೆ ಹೇಳಿ ಮಷಿನ್ ಕಾಲ ಬಳಿ ಇಟ್ಟು, ಗಾಳಿ ಎಳೆಯುವ ಕಡೆ ಕಂಬಳಿ ಮುಚ್ಚದಂತೆ ಸರಿಸಿ ಮಾಸ್ಕ್ ಹಾಕಿದೆ. ಪಕ್ಕದಲ್ಲಿ ಕರ್ನೂಲಿನ ಒಬ್ಬ ತಾಯಿ, ಆರು ವರ್ಷದ ಮಗ. ಹುಡುಗ ಅಂಜಿದ. ಮಾಸ್ಕ್ ತೆಗೆದು ಅವನ ಅಂಗೈ ಮುಂದೆ ಹಿಡಿದೆ. ಗಾಳಿ ಬೆರಳ ಸಂದಿಯಲ್ಲಿ ಸುಯ್ಯೆಂದಿತು. ‘ತಾತಾ, ಇದಿ ಫ್ಯಾನಾ?’ ಎಂದ. ಹೌದಪ್ಪ, ಮೂಗಿನ ಫ್ಯಾನ್ ಎಂದು ಅವನದೇ ತೆಲುಗಿನಲ್ಲಿ ಹೇಳಿದೆ. ಅವನು ನನಗಿಂತ ಮೊದಲು ನಿದ್ದೆ ಹೋದ.

ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ಹೊಸ ಮಷಿನ್‌ಗಳು ಇದನ್ನು ತಾವೇ ಸರಿಹೊಂದಿಸಿಕೊಳ್ಳುತ್ತವೆ. ಹಳೆಯದಾದರೆ ಮಾರಿದವರನ್ನು ಕೇಳಿಕೊಳ್ಳಿ. ನನಗೆ ಕಾಡಿದ್ದು ಒಣ ಗಾಳಿ. ವಿಮಾನದಲ್ಲಿ ತೇವಾಂಶ ಶೇ 20ಕ್ಕಿಂತಲೂ ಕೆಳಗಿಳಿಯುತ್ತದೆ, ಹ್ಯುಮಿಡಿಫೈಯರ್ ಬೇರೆ ಇಲ್ಲ. ಮಲಗುವ ಮುಂಚೆ ಮೂಗಿಗೆ ಸಲೈನ್ ಹನಿ ಹಾಕಿಕೊಂಡೆ, ಎದ್ದಾಗಲೆಲ್ಲ ನೀರು ಕುಡಿದೆ. ಪಕ್ಕದವರು ಕೊಟ್ಟ ನಿದ್ದೆ ಮಾತ್ರೆ ಬೇಡವೆಂದೆ. ಅಂಥ ಮಾತ್ರೆ, ಮದ್ಯ ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಐದು ತಾಸು ಮಲಗಿದೆ. ಇಳಿಯುವ ಸೂಚನೆ ಬರುವ ಮೊದಲೇ ಎಲ್ಲ ಬಿಚ್ಚಿ ಚೀಲಕ್ಕೆ ಹಾಕಿದೆ.

ಡಲ್ಲಾಸ್‌ನಲ್ಲಿ ಕರೆಂಟು 120 ವೋಲ್ಟ್. ಮಷಿನ್ನಿನ ಅಡಾಪ್ಟರ್ ಮೇಲೆ 100ರಿಂದ 240 ಎಂದು ಬರೆದಿದ್ದರಿಂದ ಚಪ್ಪಟೆ ಪಿನ್ನಿನ ಕನ್ವರ್ಟರ್ ಒಂದೇ ಸಾಕಾಯಿತು. ಸೊಸೆ ಮೊದಲೇ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಒಂದು ಗ್ಯಾಲನ್ ಕ್ಯಾನು ತಂದಿಟ್ಟಿದ್ದಳು. ನಮ್ಮ ಬೋರ್‌ವೆಲ್ ನೀರು ಡಬ್ಬಿಯ ತಳದಲ್ಲಿ ಸುಣ್ಣ ಬಿಡುತ್ತದೆ ಎಂದು ಫೋನಿನಲ್ಲಿ ಹೇಳಿದ್ದು ನೆನಪಿಟ್ಟಿದ್ದಳು. ಆ ರಾತ್ರಿ ಡಬ್ಬಿ ತುಂಬಿಸಿ, ಶಾಖ ಆನ್ ಮಾಡಿ ಮಲಗಿದೆ. ಬೆಳಗ್ಗೆ ಪರದೆಯ ಮೇಲೆ ವಿಮಾನದ ರಾತ್ರಿಯ ಲೆಕ್ಕವನ್ನೂ ತೆರೆದು ನೋಡಿದೆ: ಉಸಿರು ನಿಂತದ್ದು, ಅರೆಬರೆಯಾದದ್ದು ಗಂಟೆಗೆ 4 ಸಲ. ಮನೆಯಾಕೆಗೆ ತೋರಿಸಿದೆ. ‘ನಾನೂ ವಿಮಾನದಾಗ ನಿದ್ದಿ ಮಾಡಿದ್ನಿ, ಗೊತ್ತೇನ್ರಿ?’ ಎಂದಳು.